ಒಂದು ಚದರ ಇಂಚಿನಲ್ಲಿ ಹತ್ತು ಎಕರೆ



ಕೆಲವು ವರ್ಷಗಳ ಹಿಂದೆ ಘಟಪ್ರಭಾ ನದಿಯ ಬಗ್ಗೆ ನಾನೊಂದು ಕಾರ್ಯಕ್ರಮ ಮಾಡಿದ್ದೆ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಅಣೆಕಟ್ಟು, ಗೋಕಾಕದ ಜಲಪಾತ, ಕಾಲುವೆಯ ನೀರು ಕುಡಿಯುವ ಮೂಡಲಗಿ ಸೀಮೆಯ ಹೊಲಗಳು, ಹೀಗೆ ಮೂರು ತಾಲ್ಲೂಕುಗಳನ್ನು ಒಂದೇ ಅರ್ಧ ಗಂಟೆಯಲ್ಲಿ ಕಟ್ಟಿಕೊಡುವ ಉತ್ಸಾಹ ನನಗಿತ್ತು. ನಡುವೆ ಒಂದು ಹಳೆಯ ನಕ್ಷೆಯನ್ನು ಪರದೆ ತುಂಬ ತೋರಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ‘ಒಂದು ಇಂಚಿಗೆ ಒಂದು ಮೈಲಿ’ ಎಂದು ಹಾಕಿಸಿದೆ. ಮೂಲ ನಕ್ಷೆಯ ಮೇಲೆ ಹಾಗೆಯೇ ಬರೆದಿತ್ತು. ನಾನು ವಿಜ್ಞಾನದ ಪದವೀಧರ. ಆದರೂ ಅದರಲ್ಲಿ ತಪ್ಪಿದೆ ಎಂದು ಹೊಳೆಯಲಿಲ್ಲ.

ಎರಡು ವಾರದ ಮೇಲೆ ಹುಕ್ಕೇರಿ ಕಡೆಯ ಒಬ್ಬ ನಿವೃತ್ತ ಮಾಸ್ತರರಿಂದ ಕಾರ್ಡು ಬಂತು. ‘ಸಾಹೇಬರ, ಕಾರ್ಯಕ್ರಮ ಛಲೋ ಇತ್ತು. ನಾ ಫೂಟಪಟ್ಟಿ ತಗೊಂಡು ಟಿ.ವಿ. ಮ್ಯಾಲಿನ ನಕ್ಷಾ ಅಳದೆ. ಹಿಡಕಲ್‌ನಿಂದ ಧುಪದಾಳಕ್ಕ ಮೂರು ಇಂಚು ಬಂತು. ಮರುಪ್ರಸಾರ ಆದಾಗ ಮಗನ ಮನ್ಯಾಗ ಇದ್ದೆ. ಅವನ ದೊಡ್ಡ ಟಿ.ವಿ. ಮ್ಯಾಲೆ ಅಳದರ ಏಳು ಇಂಚು ಬಂತು. ಈಗ ನೀವ ಹೇಳ್ರಿ, ಹಾದಿ ಮೂರು ಮೈಲೋ, ಏಳು ಮೈಲೋ?’

ಕಾರ್ಡು ಓದಿ ನಕ್ಕೆ. ಆಮೇಲೆ ನಾಚಿಕೆಯಾಯಿತು. ಇಂಚಿನ ಮಾತು ಮೂಲ ಕಾಗದಕ್ಕೆ ಮಾತ್ರ ನಿಜ. ನಾನು ಆ ಕಾಗದವನ್ನು ಹಿಗ್ಗಿಸಿ ಸಾವಿರಾರು ಮನೆಗಳ ಬೇರೆ ಬೇರೆ ಅಳತೆಯ ಪರದೆಗಳಿಗೆ ಕಳಿಸಿದ್ದೆ. ಇಂಚಿನ ಮಾತನ್ನು ಮಾತ್ರ ಹಾಗೆಯೇ ಉಳಿಸಿದ್ದೆ. ಅಂದಿನಿಂದ ಸ್ಕೇಲು ಎಂಬ ಈ ಸಣ್ಣ ವಿಷಯ ನನ್ನನ್ನು ಬಿಟ್ಟಿಲ್ಲ. ಅದನ್ನು ಹುಡುಕಿಕೊಂಡು ಮತ್ತೆ ಅದೇ ಮೂರು ತಾಲ್ಲೂಕುಗಳಿಗೆ ಹೋದೆ. ಅಲ್ಲಿ ಕಂಡ ಮೂರು ಬಗೆಯ ಕಾಗದಗಳ ಚರಿತ್ರೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಮನೆಯಲ್ಲಿ ಹೊಲದ ಉತಾರ ಇಟ್ಟುಕೊಂಡವರಿಗೆ ಇದು ಬರಿಯ ಚರಿತ್ರೆಯಲ್ಲ ಎಂಬುದು ಓದುತ್ತ ಹೋದಂತೆ ತಿಳಿದೀತು.

ಸ್ಕೇಲು ಎಂದರೇನು?

ಕಾಗದದ ಮೇಲಿನ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಇರುವ ಅನುಪಾತವೇ ಸ್ಕೇಲು. ಪಠ್ಯಪುಸ್ತಕಗಳು ಇದನ್ನು ಪ್ರಮಾಣ ಎನ್ನುತ್ತವೆ. 1:100 ಎಂದು ಬರೆದರೆ, ಕಾಗದದ ಮೇಲಿನ ಒಂದಕ್ಕೆ ನೆಲದ ಮೇಲೆ ಅಂಥವೇ ನೂರು. ಒಂದು ಸೆಂಟಿಮೀಟರಿಗೆ ನೂರು ಸೆಂಟಿಮೀಟರು, ಒಂದು ಇಂಚಿಗೆ ನೂರು ಇಂಚು. ಬೇಕಾದರೆ ಒಂದು ಕಡ್ಡಿಗೆ ನೂರು ಕಡ್ಡಿ. ಈ ಬರವಣಿಗೆಗೆ ಮಾಪನದ ಹಂಗಿಲ್ಲ.

ಗೋಕಾಕ ಜಲಪಾತವನ್ನೇ ತೆಗೆದುಕೊಳ್ಳಿ. ಅದರ ಎತ್ತರ ಸುಮಾರು 52 ಮೀಟರು, ಹಳೆಯ ಲೆಕ್ಕದಲ್ಲಿ 171 ಅಡಿ. 1:100ರ ಚಿತ್ರದಲ್ಲಿ ಅದು 52 ಸೆಂಟಿಮೀಟರು, ಗೋಡೆಗೆ ತೂಗುಹಾಕಬಹುದು. 1:1000ರಲ್ಲಿ ಐದು ಸೆಂಟಿಮೀಟರು ಚಿಲ್ಲರೆ; ಅಂಗೈಯಲ್ಲಿ ಹಿಡಿಯಬಹುದು. 1:50,000ರಲ್ಲಿ ಅಷ್ಟು ಉದ್ದಕ್ಕೆ ಒಂದು ಮಿಲಿಮೀಟರು ಮಾತ್ರ ಸಿಗುತ್ತದೆ. ಜಲಪಾತ ಅದೇ, ಅನುಪಾತ ಬೇರೆ.

ಇಲ್ಲಿ ಬಹಳ ಜನ ಎಡವುವ ಒಂದು ಕಲ್ಲಿದೆ. 1:50,000 ಎಂಬಲ್ಲಿ ಅಂಕಿ ದೊಡ್ಡದಾದ್ದರಿಂದ ಅದನ್ನು ದೊಡ್ಡ ಸ್ಕೇಲಿನ ನಕ್ಷೆ ಎಂದುಕೊಳ್ಳುತ್ತೇವೆ. ನಿಜ ಅದರ ತಿರುಗುಮುರುಗು. ಒಂದು ಕರದಂಟನ್ನು ನಾಲ್ವರಿಗೆ ಹಂಚಿದರೆ ಬರುವ ತುಂಡು ದೊಡ್ಡದೋ, ನಲವತ್ತು ಮಂದಿಗೆ ಹಂಚಿದರೆ ಬರುವುದೋ? ಹಂಚುವ ಅಂಕಿ ಬೆಳೆದಷ್ಟೂ ಚೂರು ಸಣ್ಣದಾಗುತ್ತದೆ. ಮನೆಯ ನಕ್ಷೆಯ 1:100 ದೊಡ್ಡ ಸ್ಕೇಲು, ನಾಡಿನ ನಕ್ಷೆಯ 1:50,000 ಚಿಕ್ಕ ಸ್ಕೇಲು.

ಸ್ಕೇಲನ್ನು ಹೇಳುವ ರೀತಿ ಮೂರು. ಮಾತಿನಲ್ಲಿ ಹೇಳುವುದು ಒಂದು: ‘ಒಂದು ಇಂಚಿಗೆ ಒಂದು ಮೈಲಿ’. ಅಂಕಿಯಲ್ಲಿ ಹೇಳುವುದು ಇನ್ನೊಂದು: ಮೈಲಿಗೆ 63,360 ಇಂಚು, ಆದ್ದರಿಂದ ಅದೇ ನಕ್ಷೆ 1:63,360. ಗೆರೆ ಎಳೆದು ಹೇಳುವುದು ಮೂರನೆಯದು: ನಕ್ಷೆಯ ಅಂಚಿನಲ್ಲಿ ಒಂದು ಪಟ್ಟಿ ಬರೆದು, ಅದರ ಮೇಲೆ ಸೊನ್ನೆ, ಒಂದು, ಎರಡು ಮೈಲಿ ಎಂದು ಗುರುತು ಹಾಕುತ್ತಾರೆ. ನೋಡಲು ಈ ಮೂರನೆಯದು ತೀರಾ ಸಾದಾ. ಆದರೆ ಕಾಗದ ಹಿಗ್ಗಿದರೂ ಕುಗ್ಗಿದರೂ ನಿಜ ಹೇಳುವುದು ಅದೊಂದೇ, ಏಕೆಂದರೆ ನಕ್ಷೆಯ ಜೊತೆಗೆ ಅದೂ ಹಿಗ್ಗುತ್ತದೆ, ಕುಗ್ಗುತ್ತದೆ. ನನ್ನ ಕಾರ್ಯಕ್ರಮದಲ್ಲಿ ನಾನು ಉಳಿಸಿಕೊಳ್ಳಬೇಕಾಗಿದ್ದು ಆ ಪಟ್ಟಿಯನ್ನು. ಅದನ್ನೇ ಕತ್ತರಿಸಿ ಹಾಕಿದ್ದೆ.

ಮೊದಲ ಕಾಗದ: ಊರಿನ ನಕ್ಷೆ

ಈಗ ಚರಿತ್ರೆಗೆ ಬರೋಣ. 1818ರಲ್ಲಿ ಪೇಶ್ವೆಗಳ ಆಳಿಕೆ ಮುಗಿದು ಈ ಸೀಮೆ ಕಂಪನಿ ಸರಕಾರದ ಕೈಗೆ ಬಂತು. 1836ರಲ್ಲಿ ಬೆಳಗಾವಿ, ಧಾರವಾಡದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಹಿಂದೆ ಇಲ್ಲಿ ಹೊಲವನ್ನು ಕೂರಿಗೆಯ ಲೆಕ್ಕದಲ್ಲಿ ಹೇಳುತ್ತಿದ್ದರು. ಒಂದು ಕೂರಿಗೆಯಿಂದ ಬಿತ್ತಲಾಗುವಷ್ಟು ನೆಲ ಎಂಬ ಅರ್ಥದಲ್ಲಿ. ಎರೆನೆಲಕ್ಕೆ ಒಂದು ಲೆಕ್ಕ, ಮಸಾರಿಗೆ ಇನ್ನೊಂದು, ಎತ್ತಿನ ಕಸುವಿನ ಮೇಲೆ ಮತ್ತೊಂದು. ಒಕ್ಕಲುತನಕ್ಕೆ ಅಷ್ಟು ಸಾಕಾಗಿತ್ತು. ಕಂದಾಯ ವಸೂಲಿಗೆ ಸಾಕಾಗಲಿಲ್ಲ.

ಮುಂಬಯಿ ಸರಕಾರದ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದ ಕೊನೆಯಲ್ಲಿ ದಖನ್ನಿನಲ್ಲಿ ನಡೆಸಿದ ಮೋಜಣಿ ಕೆಲವೇ ವರ್ಷಗಳಲ್ಲಿ ಮುರಿದುಬಿತ್ತು. ಆಮೇಲೆ 1835ರಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬಿಬ್ಬರು ಪುಣೆಯ ಇಂದಾಪುರ ತಾಲ್ಲೂಕಿನಲ್ಲಿ ಹೊಸದಾಗಿ ಪ್ರಾರಂಭಿಸಿದರು. ಪ್ರತಿ ಹೊಲಕ್ಕೊಂದು ನಂಬರು, ಸುತ್ತ ಬಾಂದುಕಲ್ಲು, 30 ವರ್ಷಕ್ಕೆ ನಿಗದಿಯಾದ ಕಂದಾಯ, ಇದು ಅವರ ಪದ್ಧತಿ. 1840ರ ದಶಕದಲ್ಲಿ ಅದು ನಮ್ಮ ಧಾರವಾಡ, ಬೆಳಗಾವಿಗಳ ಕಡೆಗೆ ಕಾಲಿಟ್ಟಿತು. 1847ರ ಜಂಟಿ ವರದಿಯಲ್ಲಿ ಅದರ ನಿಯಮಗಳು ಗಟ್ಟಿಯಾದವು. ಗೋಕಾಕ, ಮೂಡಲಗಿ, ಹುಕ್ಕೇರಿಯ ರೈತರು ಇಂದಿಗೂ ಹೇಳುವ ‘ಸರ್ವೆ ನಂಬರು’ ಆ ಪದ್ಧತಿಯ ಕೂಸು. ಕಾಗದಗಳಲ್ಲಿ ಕಾಣುವ ‘ರಿ.ಸ.ನಂ.’ ಎಂಬ ಅಕ್ಷರಗಳು ಆಮೇಲಿನ ಮರುಮೋಜಣಿಯ ನೆನಪು.

ಅವರು ಬಳಸಿದ ಸರಪಳಿಯನ್ನು ಸ್ವಲ್ಪ ಗಮನಿಸಿ. ಇಂಗ್ಲೆಂಡಿನಲ್ಲಿ 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ 66 ಅಡಿಯ ಸರಪಳಿಯನ್ನು ಬಳಕೆಗೆ ತಂದಿದ್ದ. ಅದರ ಅರ್ಧ, ಅಂದರೆ 33 ಅಡಿ, ನಮ್ಮ ಸರಪಳಿ. ಆದರೆ ಅದನ್ನು ಭಾಗಮಾಡಿದ್ದು ನಮ್ಮ ರೂಪಾಯಿಯಂತೆ, ಹದಿನಾರು ಆಣೆಗಳಾಗಿ. ಒಂದು ಆಣೆಗೆ ಎರಡು ಅಡಿ, ಮುಕ್ಕಾಲು ಇಂಚು. ಉದ್ದ ಒಂದು ಸರಪಳಿ, ಅಗಲ ಒಂದು ಸರಪಳಿ ಇದ್ದರೆ ಒಂದು ಗುಂಟೆ. 33ನ್ನು 33ರಿಂದ ಗುಣಿಸಿದರೆ 1,089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ. ಪೇಟೆಯ ಲೆಕ್ಕ ಬಲ್ಲವನಿಗೆ ಹೊಲದ ಲೆಕ್ಕವೂ ಬಾಯಿಗೆ ಬರುವಂತಿತ್ತು. ರೂಪಾಯಿಯ ಆಣೆ 1957ರಲ್ಲಿ ಹೋಯಿತು, ಹೊಲದ ಆಣೆ ಉಳಿಯಿತು. ಉತಾರದಲ್ಲಿ ಎಕರೆ, ಗುಂಟೆಗಳ ಪಕ್ಕದಲ್ಲಿ ಇಂದಿಗೂ ಅದು ಕೂತಿದೆ.

ಈ ಮೋಜಣಿಯಿಂದ ಎರಡು ಬಗೆಯ ಚಿತ್ರಗಳು ಹುಟ್ಟಿದವು. ಇವೆರಡರ ವ್ಯತ್ಯಾಸ ತಿಳಿಯದೆ ಎಷ್ಟೋ ಮನೆತನಗಳು ಕೋರ್ಟಿನ ಮೆಟ್ಟಿಲು ಹತ್ತಿವೆ.

ಒಂದು, ಗ್ರಾಮನಕ್ಷೆ. ಊರಿನ ಎಲ್ಲ ಸರ್ವೆ ನಂಬರು, ಹಳ್ಳ, ಹಾದಿ, ಕೆರೆಗಳು ಇದರಲ್ಲಿವೆ. ನಮ್ಮಲ್ಲಿ ಇದರ ಸಾಮಾನ್ಯ ಸ್ಕೇಲು ಎಂಟು ಇಂಚಿಗೆ ಒಂದು ಮೈಲಿ, ಅಂಕಿಯಲ್ಲಿ 1:7,920. ಬೇರೆ ಸ್ಕೇಲಿನವೂ ಇವೆ, ಆದ್ದರಿಂದ ಅಂಚನ್ನು ಓದಿಯೇ ಮುಂದೆ ಹೋಗಬೇಕು. ಒಂದು ಇಂಚಿಗೆ 660 ಅಡಿ, ಅಂದರೆ ಸರಿಯಾಗಿ ಇಪ್ಪತ್ತು ಸರಪಳಿ. ಹಾಗಾದರೆ ಕಾಗದದ ಒಂದು ಚದರ ಇಂಚಿನಲ್ಲಿ ಎಷ್ಟು ನೆಲ? 20 ಸರಪಳಿಗೆ 20 ಸರಪಳಿ, 400 ಗುಂಟೆ. ಚೂರೂ ಹೆಚ್ಚುಕಡಿಮೆಯಿಲ್ಲದೆ ಹತ್ತು ಎಕರೆ! ಆ ಕಾಲದ ಲೆಕ್ಕಿಗರು ಅಂಕಿಯನ್ನು ಎಷ್ಟು ಜಾಣತನದಿಂದ ಆರಿಸಿದ್ದರು ನೋಡಿ.

ಆದರೆ ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಎಚ್ಚರವಾಗುತ್ತದೆ. ಒಂದು ಗುಂಟೆಗೆ ಈ ನಕ್ಷೆಯಲ್ಲಿ ಸಿಗುವ ಜಾಗ ಒಂದು ಸಾಸಿವೆ ಕಾಳಿನಷ್ಟು. ಇನ್ನು ಗಡಿಯ ಗೆರೆ? ಪೆನ್ಸಿಲಿನ ಗೆರೆಯ ದಪ್ಪ ಅರ್ಧ ಮಿಲಿಮೀಟರು ಎಂದಿಟ್ಟುಕೊಳ್ಳಿ. 7,920ರಿಂದ ಗುಣಿಸಿದರೆ ನೆಲದ ಮೇಲೆ ಸುಮಾರು ನಾಲ್ಕು ಮೀಟರು, ಹದಿಮೂರು ಅಡಿ. ಚಕ್ಕಡಿ ಹಾಯುವಷ್ಟು ಅಗಲದ ಹಾದಿ ಆ ಗೆರೆಯೊಳಗೇ ಅಡಗಿದೆ. ನಿಮ್ಮ ಬದು ಗೆರೆಯ ಈ ಅಂಚಿನಲ್ಲಿದೆಯೋ ಆ ಅಂಚಿನಲ್ಲಿದೆಯೋ ಎಂದು ಗ್ರಾಮನಕ್ಷೆ ಹೇಳಲಾರದು. ಯಾವ ಹೊಲದ ಪಕ್ಕ ಯಾವ ಹೊಲ ಎಂದು ಹೇಳುವುದಷ್ಟೇ ಅದರ ಕೆಲಸ.

ಇನ್ನೊಂದು, ಟಿಪ್ಪಣಿ. ಒಂದೊಂದು ಸರ್ವೆ ನಂಬರಿಗೂ ಹೊಲದಲ್ಲೇ ನಿಂತು ಬರೆದ ಕಚ್ಚಾ ಚಿತ್ರ ಇದು. ಹೊಲದ ನಡುವೆ ಒಂದು ಆಧಾರ ಗೆರೆ, ಅದರಿಂದ ಎಡಕ್ಕೂ ಬಲಕ್ಕೂ ಗಡಿಯ ಕಲ್ಲುಗಳವರೆಗೆ ಕಾಟಕೋನದಲ್ಲಿ ಗೆರೆಗಳು, ಪ್ರತಿ ಗೆರೆಯ ಮೇಲೆ ಸರಪಳಿ ಮತ್ತು ಆಣೆಗಳಲ್ಲಿ ಬರೆದ ಅಂಕಿ. ಚಿತ್ರ ನೋಡಿದರೆ ಸೊಟ್ಟಗಿರುತ್ತದೆ. ಇಪ್ಪತ್ತು ಸರಪಳಿಯ ಗೆರೆಯೂ ಹತ್ತು ಸರಪಳಿಯ ಗೆರೆಯೂ ಒಂದೇ ಉದ್ದ ಕಾಣಬಹುದು. ಏಕೆಂದರೆ ಇದನ್ನು ಸ್ಕೇಲಿಗೆ ಬರೆದೇ ಇಲ್ಲ. ಇಲ್ಲಿ ಗೆರೆಗೆ ಬೆಲೆಯಿಲ್ಲ, ಬರೆದ ಅಂಕಿಗೆ ಬೆಲೆ. ಇಂದಿನ ಕಾರಖಾನೆಯ ನಕ್ಷೆಗಳ ಮೇಲೂ ‘ಎನ್.ಟಿ.ಎಸ್.’ ಎಂಬ ಮೂರಕ್ಷರ ಕಾಣುತ್ತದೆ. ಇದು ಸ್ಕೇಲಿಗೆ ಬರೆದದ್ದಲ್ಲ, ಪಟ್ಟಿ ಇಟ್ಟು ಅಳೆಯಬೇಡಿ ಎಂದು ಅದರ ಅರ್ಥ. ಟಿಪ್ಪಣಿ ಅದೇ ಜಾತಿಯ ಕಾಗದ.

ಅಂದವಾಗಿ ಕಾಣುವ ನಕ್ಷೆ ಸ್ಥಾನ ಹೇಳುತ್ತದೆ. ಸೊಟ್ಟಗೆ ಕಾಣುವ ಟಿಪ್ಪಣಿ ಅಳತೆ ಹೇಳುತ್ತದೆ. ನಾವು ಸಾಮಾನ್ಯವಾಗಿ ಅಂದವಾದದ್ದನ್ನು ನಂಬಿ ಸೊಟ್ಟಗಿದ್ದುದನ್ನು ಮಡಿಚಿಡುತ್ತೇವೆ.

ನೂರು ಅಡಿಯ ಜಗಳ

ಮೂಡಲಗಿ ಈಗ ಪ್ರತ್ಯೇಕ ತಾಲ್ಲೂಕು. ಮೊದಲು ಗೋಕಾಕ ತಾಲ್ಲೂಕಿನದೇ ಭಾಗವಾಗಿತ್ತು. ಅಲ್ಲಿಗೆ ಹತ್ತಿರದ ಒಂದು ಊರಿನಲ್ಲಿ ನಾವು ಚಿತ್ರೀಕರಣಕ್ಕೆ ನಿಂತಾಗ ಇಬ್ಬರು ಅಣ್ಣತಮ್ಮಂದಿರ ಪರಿಚಯವಾಯಿತು. ಇಬ್ಬರ ಪಾಲಿಗೂ ಅಕ್ಕಪಕ್ಕದ ಎರಡು ಸರ್ವೆ ನಂಬರು ಬಂದಿದ್ದವು. ತಮ್ಮ ತನ್ನ ಹೊಲ ಒತ್ತಿದ್ದಾನೆ ಎಂಬುದು ಅಣ್ಣನ ದೂರು. ಐದು ವರ್ಷದಿಂದ ಮಾತಿಲ್ಲ. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿರಲಿಲ್ಲ.

ಅಣ್ಣ ಕಿಸೆಯಿಂದ ಗ್ರಾಮನಕ್ಷೆಯ ಝೆರಾಕ್ಸ್ ತೆಗೆದರು. ‘ನೋಡ್ರಿ ಸಾಹೇಬರ, ನಾ ಹುಡುಗನ ಫೂಟಪಟ್ಟೀಲೆ ಅಳದೇನಿ. ನನ್ನ ಹೊಲದ ಅಗಲ ಹದಿನಾಲ್ಕು ಮಿಲಿಮೀಟರ ಐತಿ. ಗುಣಾಕಾರ ಮಾಡಿದರ ಮುನ್ನೂರಾ ಅರವತ್ತಮೂರು ಅಡಿ ಬರತೈತಿ. ಹೊಲದಾಗ ಅಳದರ ಇನ್ನೂರೈವತ್ತರ ಮ್ಯಾಲೆ ಸ್ವಲ್ಪ ಬರತೈತಿ. ನೂರು ಅಡಿ ಎಲ್ಲಿ ಹೋತು?’

ಗುಣಾಕಾರ ಸರಿಯಾಗಿಯೇ ಇತ್ತು. ನಮ್ಮ ಜೊತೆಗಿದ್ದ, ಸರ್ವೆ ಕೆಲಸದಲ್ಲಿ ಕೂದಲು ನರೆತ ಹಿರಿಯರೊಬ್ಬರು ಆ ಕಾಗದವನ್ನು ಒಮ್ಮೆ ತಿರುವಿ ನೋಡಿ ಒಂದೇ ಮಾತು ಕೇಳಿದರು: ‘ತಮ್ಮನ ಹೊಲ ಅಳದೀರೇನ್ರೀ ಇದರಾಗ?’ ಅಣ್ಣ ಅಳೆದಿರಲಿಲ್ಲ. ಅಲ್ಲೇ ಅಳೆದರು. ತಮ್ಮನ ಹೊಲವೂ ನೆಲದ ಮೇಲೆ ಇರುವುದಕ್ಕಿಂತ ನೂರು ಅಡಿ ಹೆಚ್ಚಿಗೆ ತೋರಿಸಿತು. ಆಚೆಯ ಹೊಲವೂ ಹಾಗೆಯೇ, ಈಚೆಯದೂ ಹಾಗೆಯೇ. ಇಡೀ ಊರೇ ಹಿಗ್ಗಿತ್ತು!

ಆದದ್ದು ಇಷ್ಟೆ. ಅಕ್ಷರ ಸಣ್ಣಗಿವೆ ಎಂದು ಝೆರಾಕ್ಸ್ ಅಂಗಡಿಯವರು ಸಣ್ಣ ಹಾಳೆಯಿಂದ ದೊಡ್ಡ ಹಾಳೆಗೆ ಹಿಗ್ಗಿಸಿ ಕೊಟ್ಟಿದ್ದರು. ಎ-4 ಹಾಳೆಯಿಂದ ಎ-3 ಹಾಳೆಗೆ ಹೋಗುವಾಗ ಉದ್ದ 1.41 ಪಟ್ಟಾಗುತ್ತದೆ. ಕೆಳಗೆ ಅಚ್ಚಾಗಿದ್ದ ಸ್ಕೇಲಿನ ಮಾತು ಮಾತ್ರ ಮೊದಲಿನಂತೆಯೇ ಇತ್ತು. 363ನ್ನು 1.41ರಿಂದ ಭಾಗಿಸಿದರೆ 257 ಅಡಿ ಚಿಲ್ಲರೆ. ಆಮೇಲೆ ಟಿಪ್ಪಣಿಯ ನಕಲು ತರಿಸಿ ನೋಡಿದಾಗ ಆ ಗೆರೆಯ ಮೇಲೆ ಬರೆದಿತ್ತು: ಏಳು ಸರಪಳಿ, ಹದಿಮೂರು ಆಣೆ. ಅಡಿಯಲ್ಲಿ ಹೇಳುವುದಾದರೆ 257 ಅಡಿ 10 ಇಂಚು.

ನಾನು ಸುಮ್ಮನೆ ನಿಂತಿದ್ದೆ. ಪರದೆಯ ಮೇಲೆ ನಾನು ಮಾಡಿದ ತಪ್ಪನ್ನೇ ಆ ಅಂಗಡಿಯ ಯಂತ್ರ ಮಾಡಿತ್ತು. ನನ್ನ ತಪ್ಪಿಗೆ ಒಂದು ಕಾರ್ಡು ಬಂತು. ಈ ತಪ್ಪಿಗೆ ಒಂದು ಮನೆತನ ಎರಡಾಗಿತ್ತು.

ಇದರಲ್ಲಿ ಇನ್ನೊಂದು ಪಾಠವೂ ಇದೆ. ಉದ್ದ 1.41 ಪಟ್ಟಾದರೆ ಕ್ಷೇತ್ರ ಎಷ್ಟು ಪಟ್ಟು? ಉದ್ದವೂ ಹಿಗ್ಗುತ್ತದೆ, ಅಗಲವೂ ಹಿಗ್ಗುತ್ತದೆ, ಆದ್ದರಿಂದ 1.41ರ ವರ್ಗ, ಅಂದರೆ ಎರಡು ಪಟ್ಟು. ಅಣ್ಣ ಅಗಲದ ಬದಲು ಎಕರೆಯನ್ನೇ ಲೆಕ್ಕ ಹಾಕಿದ್ದರೆ ತನ್ನ ಅರ್ಧ ಹೊಲ ಹೋಯಿತೆಂದು ಎದೆ ಒಡೆದುಕೊಳ್ಳುತ್ತಿದ್ದರು.

ಕಥೆ ಅಲ್ಲಿಗೆ ಸುಖವಾಗಿ ಮುಗಿಯಿತೆಂದು ಹೇಳಲಾರೆ. ಟಿಪ್ಪಣಿಯಂತೆ ಹದ್ದುಬಸ್ತು ಮಾಡಿಸಿದಾಗ ಬದು ಒಂದು ಕಡೆ ಎರಡು ಆಣೆ, ಅಂದರೆ ನಾಲ್ಕು ಅಡಿಯಷ್ಟು ಸರಿದಿದ್ದು ನಿಜವೆಂದು ತಿಳಿಯಿತು. ಆದರೆ ನೂರು ಅಡಿಯ ಜಗಳ ಎರಡು ಆಣೆಗೆ ಇಳಿದಿತ್ತು. ಎರಡು ಆಣೆಯ ಜಗಳವನ್ನು ಕಟ್ಟೆಯ ಮೇಲೆ ಕೂತು ಮಾತಾಡಬಹುದು. ನಾವು ಹೊರಡುವಾಗ ಅವರು ಮಾತಾಡುತ್ತಿದ್ದರು.

ಎರಡನೆಯ ಕಾಗದ: ಕಾಲುವೆಯ ಇಳಿಜಾರು

ಈಗ ಗೋಕಾಕ ತಾಲ್ಲೂಕಿಗೆ ಬನ್ನಿ. ಜಲಪಾತಕ್ಕಿಂತ ಮೇಲೆ, ಧುಪದಾಳದಲ್ಲಿ 1897ರಲ್ಲಿ ಘಟಪ್ರಭೆಗೆ ಅಡ್ಡಲಾಗಿ ಒಡ್ಡು ಕಟ್ಟಿದರು. ಇಲ್ಲಿಂದ ಹೊರಡುವ ಎಡದಂಡೆ ಕಾಲುವೆ ಮುಂದೆ ಘಟಪ್ರಭಾ ಯೋಜನೆಯಲ್ಲಿ ಬೆಳೆದು 109 ಕಿಲೋಮೀಟರು ಉದ್ದವಾಯಿತು. ಮೂಡಲಗಿ ಭಾಗದ ಕಬ್ಬು, ಗೋವಿನಜೋಳಕ್ಕೆ ಅದೇ ಜೀವ.

ಕಾಲುವೆಯ ಚಿತ್ರ ಬರೆಯುವವನಿಗೆ ಒಂದು ಪೇಚಿದೆ. ಕಾಲುವೆ ಉದ್ದದಲ್ಲಿ ಬಲು ದೊಡ್ಡದು, ಇಳಿಜಾರಿನಲ್ಲಿ ಬಲು ಸಣ್ಣದು. ಉದಾಹರಣೆಗೆ 5,000ಕ್ಕೆ ಒಂದರ ಇಳಿಜಾರು ಇದೆ ಎನ್ನಿ. ಐದು ಕಿಲೋಮೀಟರು ಹರಿದರೆ ನೀರು ಇಳಿಯುವುದು ಒಂದೇ ಮೀಟರು. ಇದನ್ನು 1:10,000ರ ಸ್ಕೇಲಿನಲ್ಲಿ ಬರೆದರೆ ಐದು ಕಿಲೋಮೀಟರು ಅರ್ಧ ಮೀಟರಿನ ಗೆರೆಯಾಗುತ್ತದೆ. ಒಂದು ಮೀಟರಿನ ಇಳಿತ ಮಿಲಿಮೀಟರಿನ ಹತ್ತನೆಯ ಒಂದು ಭಾಗ. ಕಣ್ಣಿಗೆ ಕಾಣುವುದೇ ಇಲ್ಲ, ಗೆರೆ ಮಟ್ಟಸವಾಗಿಯೇ ಇರುತ್ತದೆ.

ಅದಕ್ಕೆ ಎಂಜಿನಿಯರುಗಳು ಒಂದೇ ಹಾಳೆಯಲ್ಲಿ ಎರಡು ಸ್ಕೇಲು ಬಳಸುತ್ತಾರೆ. ಉದ್ದಕ್ಕೆ 1:10,000, ಎತ್ತರಕ್ಕೆ 1:100. ಆಗ ಅದೇ ಒಂದು ಮೀಟರಿನ ಇಳಿತ ಒಂದು ಸೆಂಟಿಮೀಟರಾಗಿ ಕಾಣುತ್ತದೆ. ಇದಕ್ಕೆ ಉದ್ದ ಛೇದದ ನಕ್ಷೆ ಎಂದು ಹೆಸರು. ಅಂಚಿನಲ್ಲಿ ಎರಡು ಸ್ಕೇಲುಗಳನ್ನೂ ಬರೆದಿರುತ್ತಾರೆ, ಆದರೆ ಓದುವವರು ಕಡಿಮೆ. ಓದದೆ ನೋಡಿದವರಿಗೆ ಕಾಲುವೆ ಗುಡ್ಡದಿಂದ ಧುಮುಕುವಂತೆ ಕಾಣುತ್ತದೆ. ಚಿತ್ರದಲ್ಲಿನ ಇಳಿಜಾರು ನಿಜಕ್ಕಿಂತ ನೂರು ಪಟ್ಟು ಕಡಿದು. ‘ಇಷ್ಟು ಇಳಿಜಾರು ಇದ್ದೂ ನಮಗ ನೀರು ಯಾಕ ಬರಂಗಿಲ್ಲ?’ ಎಂದು ಕಾಲುವೆಯ ಕೊನೆಯ ರೈತ ಕೇಳುವುದು ಸಹಜ.

ನಿಜದ ಲೆಕ್ಕ ಬೇರೆಯೇ. ನಮ್ಮ ಉದಾಹರಣೆಯ ಕಾಲುವೆಯಲ್ಲಿ ಕಿಲೋಮೀಟರಿಗೆ ಇಳಿತ 20 ಸೆಂಟಿಮೀಟರು, ಹೆಚ್ಚುಕಡಿಮೆ ಒಂದು ಗೇಣು. ಒಂದು ಕಡೆ ತಳದಲ್ಲಿ ಗೇಣುದ್ದ ಹೂಳು ಕೂತರೆ ಒಂದು ಕಿಲೋಮೀಟರಿನ ಇಳಿಜಾರನ್ನೇ ಅದು ನುಂಗಿದಂತೆ. ಮೇಲಿನವನೊಬ್ಬ ಕಲ್ಲು ಒಟ್ಟಿ ನೀರನ್ನು ತನ್ನ ಕಡೆಗೆ ಏರಿಸಿಕೊಂಡರೂ ಅಷ್ಟೆ. ಚಿತ್ರದಲ್ಲಿ ಕಾಲುವೆ ಧಾರಾಳವಾಗಿ ಇಳಿಯುತ್ತದೆ, ನೆಲದ ಮೇಲೆ ಅದು ಗೇಣಿನ ಲೆಕ್ಕದಲ್ಲಿ ಬದುಕುತ್ತದೆ. ಹೂಳು ತೆಗೆಯುವುದು ಏಕೆ ಮುಖ್ಯ ಎಂಬುದು ಎರಡು ಸ್ಕೇಲುಗಳನ್ನೂ ಓದಿದವನಿಗೆ ಬೇಗ ತಿಳಿಯುತ್ತದೆ.

ಮೂರನೆಯ ಕಾಗದ: ನೀರಿನ ಅಂಚು

ಇನ್ನು ಹುಕ್ಕೇರಿ ತಾಲ್ಲೂಕು. ಹಿಡಕಲ್ಲಿನ ಅಣೆಕಟ್ಟು 1977ರಲ್ಲಿ ಪೂರ್ಣವಾಯಿತು. ಜಲಾಶಯಕ್ಕೆ ರಾಜಾ ಲಖಮಗೌಡ ಜಲಾಶಯ ಎಂದು ಹೆಸರು. ಗರಿಷ್ಠ ನೀರಿನ ಮಟ್ಟ ಸಮುದ್ರಮಟ್ಟದಿಂದ 2,175 ಅಡಿ. ಹಿಡಿಯುವ ನೀರು ಸುಮಾರು 51 ಟಿ.ಎಂ.ಸಿ., ಅಂದರೆ 5,100 ಕೋಟಿ ಘನ ಅಡಿ.

2,175 ಎಂಬ ಈ ಅಂಕಿ ಎಂಜಿನಿಯರಿಗೆ ಒಂದು ಗೆರೆ, ಊರಿನವರಿಗೆ ಒಂದು ಹಣೆಬರಹ. ಅದಕ್ಕಿಂತ ಕೆಳಗಿನ ಮನೆ, ಗುಡಿ, ಹೊಲಗಳು ನೀರಿಗೆ. ನೀರು ಇಳಿದ ಬೇಸಿಗೆಯಲ್ಲಿ ಮುಳುಗಡೆಯಾದ ವಿಠ್ಠಲನ ಗುಡಿ ಮೇಲೆ ಕಾಣಿಸಿಕೊಳ್ಳುವುದನ್ನು ನೋಡಲು ಇಂದಿಗೂ ಜನ ಬರುತ್ತಾರೆ.

ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಗೆರೆಗೆ ಸಮೋನ್ನತ ರೇಖೆ ಎನ್ನುತ್ತಾರೆ. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ನಕ್ಷೆಗಳಲ್ಲಿ ಸಾಮಾನ್ಯವಾಗಿ ಈ ಗೆರೆಗಳು 50 ಅಡಿಗೆ ಒಂದರಂತೆ ಇರುತ್ತಿದ್ದವು. 2,150ಕ್ಕೆ ಒಂದು, 2,200ಕ್ಕೆ ಇನ್ನೊಂದು. 2,175 ಸರಿಯಾಗಿ ನಡುವೆ ಬೀಳುತ್ತದೆ; ಅದಕ್ಕೆ ಅಲ್ಲಿ ಗೆರೆಯೇ ಇಲ್ಲ. ಅಂದಾಜಿನಿಂದ ಎಳೆಯೋಣವೇ? ದಂಡೆ ನೂರಕ್ಕೆ ಒಂದರಂತೆ ಮೆಲ್ಲಗೆ ಏರುವ ಕಡೆ, ಎತ್ತರದಲ್ಲಿ ಒಂದು ಅಡಿ ತಪ್ಪಿದರೆ ನೀರಿನ ಅಂಚು ನೂರು ಅಡಿ ಸರಿಯುತ್ತದೆ. ನೂರು ಅಡಿ ಎಂದರೆ ಮೂರು ಸರಪಳಿ. ಒಂದು ಬಡವನ ಹೊಲದ ಅಗಲವೇ ಅಷ್ಟಿರಬಹುದು. ಆ ಹಳೆಯ ನಕ್ಷೆಯ ಮೇಲೆ ಆ ನೂರು ಅಡಿ ಅರ್ಧ ಮಿಲಿಮೀಟರೂ ಅಲ್ಲ. ಅದಕ್ಕಾಗಿಯೇ ಅಣೆಕಟ್ಟು ಕಟ್ಟುವವರು ದೊಡ್ಡ ಸ್ಕೇಲಿನಲ್ಲಿ ಬೇರೆಯೇ ಮೋಜಣಿ ಮಾಡಿ, ಮಟ್ಟ ನೋಡಿ, ನೆಲದ ಮೇಲೆ ಕಲ್ಲು ನೆಡುತ್ತಾರೆ. ಊರು ಮುಳುಗುತ್ತದೋ ಉಳಿಯುತ್ತದೋ ಎಂಬ ಪ್ರಶ್ನೆಗೆ ಚಿಕ್ಕ ಸ್ಕೇಲಿನ ನಕ್ಷೆ ಉತ್ತರ ಕೊಡಲಾರದು.

ಇಲ್ಲಿ ಅನುಪಾತದ ಮೂರನೆಯ ಮೆಟ್ಟಿಲೂ ಇದೆ. ಉದ್ದಕ್ಕೆ ಅನುಪಾತ, ಕ್ಷೇತ್ರಕ್ಕೆ ಅದರ ವರ್ಗ, ಗಾತ್ರಕ್ಕೆ ಅದರ ಘನ. ಹಿಡಕಲ್ ಜಲಾಶಯವನ್ನು 1:100ರಲ್ಲಿ ಮಾದರಿ ಮಾಡಿದರೆ ಅದರಲ್ಲಿ ಹಿಡಿಯುವ ನೀರು ನೂರನೆಯ ಒಂದು ಭಾಗವಲ್ಲ, ಹತ್ತು ಲಕ್ಷದ ಒಂದು ಭಾಗ: 51,000 ಘನ ಅಡಿ. ನೂರು ಪಟ್ಟು ಸಣ್ಣದು ಎಂದು ಹೇಳುವಾಗ ಯಾವುದರಲ್ಲಿ ಎಂದು ಕೇಳುವ ಅಭ್ಯಾಸ ನಮಗಿರಬೇಕು.

ಮಳೆಗಾಲದ ಕೊನೆಗೆ ಜಲಾಶಯ ತುಂಬಿ ನಿಂತಾಗ ಹೋಗಿ ನೋಡಿ. ದಂಡೆಯುದ್ದಕ್ಕೂ ನೀರಿನ ಅಂಚು ಬಳುಕುತ್ತ ಹೋಗಿರುತ್ತದೆ. ಅದೇ 2,175ರ ಸಮೋನ್ನತ ರೇಖೆ. ನೀರು ಅದನ್ನು ಒಂದಕ್ಕೆ ಒಂದರ ಸ್ಕೇಲಿನಲ್ಲಿ ತಾನೇ ಬರೆದಿರುತ್ತದೆ.

ಬೆರಳಿನ ತುದಿಯ ಸ್ಕೇಲು

ಈಗ ಕಾಗದವೂ ಬೇಡವಾಗುತ್ತ ಬಂದಿದೆ. ‘ದಿಶಾಂಕ್’ ಎಂಬ ಸರಕಾರದ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ ನೀವು ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ಮೊಬೈಲು ತೋರಿಸುತ್ತದೆ. ಒಳ್ಳೆಯ ಅನುಕೂಲ. ಆದರೆ ಎರಡು ಬೆರಳಿನಿಂದ ಹಿಗ್ಗಿಸಿದಾಗ ಹಿಗ್ಗುವುದು ಚಿತ್ರ ಮಾತ್ರ, ಅದರೊಳಗಿನ ಸತ್ಯ ಹಿಗ್ಗುವುದಿಲ್ಲ. ಅಲ್ಲಿ ಕಾಣುವ ಹೊಲದ ಗೆರೆಗಳ ಮೂಲ ಅದೇ ಹಳೆಯ ಗ್ರಾಮನಕ್ಷೆ. ಮೂಲದ ಗೆರೆಯಲ್ಲೇ ಹದಿಮೂರು ಅಡಿ ದಪ್ಪವಿದ್ದರೆ, ಪರದೆಯ ಮೇಲೆ ಕೂದಲೆಳೆಯಂತೆ ತೆಳ್ಳಗೆ ಕಂಡರೂ ಆ ಹದಿಮೂರು ಅಡಿಯ ಅನುಮಾನ ಹೋಗುವುದಿಲ್ಲ. ಎಲ್ಲಿದ್ದೇನೆ ಎಂದು ತಿಳಿಯಲು ಅದನ್ನು ಬಳಸಿ, ಬದು ಕೀಳಲು ಬಳಸಬೇಡಿ. ಹೊಲದ ಒಂದು ಭಾಗ ಮಾರುವಾಗ ಅಳತೆ ಮಾಡಿಸಿದ ‘11-ಇ’ ನಕ್ಷೆ ಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ.

ಹಾಗಾದರೆ ಯಾವುದೇ ನಕ್ಷೆ ಕೈಗೆ ಬಂದಾಗ ಏನು ಮಾಡಬೇಕು? ಚಿತ್ರ ನೋಡುವ ಮೊದಲು ಅಂಚು ನೋಡಿ. ಸ್ಕೇಲು ಎಷ್ಟು, ಒಂದೋ ಎರಡೋ, ಅಥವಾ ಸ್ಕೇಲಿಗೆ ಬರೆದದ್ದೇ ಅಲ್ಲವೋ ಓದಿಕೊಳ್ಳಿ. ಕೈಯಲ್ಲಿರುವುದು ಮೂಲವೋ ನಕಲೋ ಕೇಳಿ. ನಕಲಾದರೆ ಗೆರೆಯ ಪಟ್ಟಿಯೊಂದನ್ನೇ ನಂಬಿ. ಗೆರೆಯ ಉದ್ದಕ್ಕೂ ಅದರ ಮೇಲೆ ಬರೆದ ಅಂಕಿಗೂ ಹೊಂದದಿದ್ದರೆ ಅಂಕಿಯನ್ನು ಹಿಡಿಯಿರಿ. ಕೊನೆಗೆ, ನಿಮ್ಮ ಪ್ರಶ್ನೆ ಎಷ್ಟು ಸಣ್ಣದು, ಈ ನಕ್ಷೆಯ ಗೆರೆ ಎಷ್ಟು ದಪ್ಪ ಎಂದು ಗುಣಿಸಿ ನೋಡಿ. ಗೆರೆಗಿಂತ ಸಣ್ಣ ಪ್ರಶ್ನೆಯನ್ನು ಆ ನಕ್ಷೆಗೆ ಕೇಳಬೇಡಿ.

ಸ್ಕೇಲು ಎಂಬುದು ನಕ್ಷೆ ಬರೆದವನು ಓದುವವನಿಗೆ ಕೊಟ್ಟ ಮಾತು. ಇಷ್ಟರ ಮಟ್ಟಿಗೆ ನನ್ನನ್ನು ನಂಬು ಎಂದು ಅದು ಹೇಳುತ್ತದೆ. ಇಷ್ಟಕ್ಕಿಂತ ಹೆಚ್ಚು ನಂಬಬೇಡ ಎಂದೂ ಹೇಳುತ್ತದೆ. ಎರಡನೆಯ ಮಾತು ನಮಗೆ ಕೇಳಿಸುವುದಿಲ್ಲ, ಅಷ್ಟೆ.

ಮಾಸ್ತರರ ಕಾರ್ಡಿಗೆ ನಾನು ಉತ್ತರ ಬರೆದೆ. ಮೂರೂ ಅಲ್ಲ, ಏಳೂ ಅಲ್ಲ, ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಆ ಮೇಲಿನ ಪ್ರತಿ ಕಾರ್ಯಕ್ರಮದಲ್ಲಿಯೂ ನಕ್ಷೆ ತೋರಿಸುವಾಗ ಇಂಚಿನ ಮಾತು ತೆಗೆದು ಗೆರೆಯ ಪಟ್ಟಿ ಹಾಕಿಸುತ್ತಿದ್ದೇನೆ. ಮುಂದಿನ ಸಲ ನಮ್ಮ ಪರದೆಯ ಮೇಲೆ ನಕ್ಷೆ ಬಂದಾಗ ನೀವೂ ಫೂಟಪಟ್ಟಿ ಹಿಡಿದು ನೋಡಿ. ಪಟ್ಟಿ ಇಲ್ಲದಿದ್ದರೆ ಒಂದು ಕಾರ್ಡು ಬರೆಯಿರಿ.